ಶಾರ್ಪ್ ಟಾಪ್: ಒಂದೂವರೆ ಮೈಲಿ ಅಂತ ಹಗುರವಾಗಿ ತಗೋಬೇಡಿ

"ಒಂದೂವರೆ ಮೈಲಿ ತಾನೆ, ಎರಡು ಗಂಟೆಯಲ್ಲಿ ಹತ್ತಿ ಇಳಿದು ಬಂದುಬಿಡ್ತೀವಿ." ಅಮ್ಮನಿಗೆ ಹಾಗೆ ಹೇಳಿ, ಅವರನ್ನು ಕೆಳಗಿನ ಅಬ್ಬಟ್ ಕೆರೆಯ ದಂಡೆಯ ಬೆಂಚಿನ ಮೇಲೆ ಕೂರಿಸಿ ಹೊರಟವನು ನಾನೇ. ಅಕ್ಟೋಬರ್ ಮಧ್ಯದ ಶನಿವಾರ, ಎಲೆಗಳ ಬಣ್ಣ ತಿರುಗಿದ್ದ ಕಾಲ.

ಶಾರ್ಪ್ ಟಾಪ್ ಬೆಟ್ಟ ಇರುವುದು ಅಮೆರಿಕದ ವರ್ಜೀನಿಯಾದಲ್ಲಿ, ಬ್ಲೂ ರಿಡ್ಜ್ ಪಾರ್ಕ್‌ವೇ ಎಂಬ ಬೆಟ್ಟಸಾಲಿನ ರಸ್ತೆಯ ಪಕ್ಕ, 86ನೇ ಮೈಲಿಗಲ್ಲಿನ ಹತ್ತಿರ. ಮೈಲಿ ಲೆಕ್ಕ ಉತ್ತರ ತುದಿಯಿಂದ ಶುರು. ಪಾರ್ಕ್‌ವೇಗೆ ಟೋಲ್ ಇಲ್ಲ, ಲಾರಿಗಳ ಕಾಟವಿಲ್ಲ, ಆದರೆ ಪೆಟ್ರೋಲ್ ಬಂಕೂ ಇಲ್ಲ. ಬೆಡ್‌ಫರ್ಡ್ ಊರಿನಲ್ಲೇ ಟ್ಯಾಂಕ್ ತುಂಬಿಸಿಕೊಂಡು 43ನೇ ರಸ್ತೆಯಲ್ಲಿ ಹತ್ತಿ. ತಿರುವು ಜಾಸ್ತಿ, ಮಕ್ಕಳಿಗೆ ವಾಂತಿ ಬರಬಹುದು. ಚಳಿಗಾಲದಲ್ಲಿ ಹಿಮ ಬಿದ್ದರೆ ಪಾರ್ಕ್‌ವೇ ಮುಚ್ಚಿಬಿಡುತ್ತಾರೆ, ಹೊರಡುವ ಮೊದಲು ನೋಡಿಕೊಳ್ಳಿ.

ಆ ಒಂದೂವರೆ ಮೈಲಿಯಲ್ಲಿ ಏರಬೇಕಾದ್ದು ಸುಮಾರು 1,300 ಅಡಿ. ಶಿವಗಂಗೆ ಹತ್ತಿದವರಿಗೆ ಅಂದಾಜು ಸಿಗುತ್ತದೆ. ಮೊದಲು ಕಾಡಿನ ದಾರಿ, ಆಮೇಲೆ ಒಂದೊಂದೂ ಒಂದೊಂದು ಎತ್ತರದ ಕಲ್ಲಿನ ಮೆಟ್ಟಿಲು. ದಾರಿಯಲ್ಲಿ ನೀರು ಸಿಗುವುದಿಲ್ಲ. ಮೂವರಿಗೆ ಎರಡು ಬಾಟಲಿ ಒಯ್ದಿದ್ದೆ, ತುದಿ ತಲುಪುವ ಮೊದಲೇ ಖಾಲಿ. ತಲೆಗೆ ಒಂದೊಂದು ಲೀಟರಾದರೂ ಬೇಕೇ ಬೇಕು.

ತುದಿಯಲ್ಲಿ ಮನೆಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ಬಿದ್ದುಕೊಂಡಿವೆ. ಸುತ್ತಲೂ ಕಣ್ಣು ಹಾಯುವಷ್ಟು ದೂರ ನೀಲಿ ಬೆಟ್ಟಗಳ ಸಾಲು. ಹಿಂದಿನವರಿಗೆ ಇದೇ ವರ್ಜೀನಿಯಾದ ಅತಿ ಎತ್ತರದ ಶಿಖರ ಎಂಬ ನಂಬಿಕೆ. 1852ರಲ್ಲಿ ಹಾಗಂತ ಕೆತ್ತಿಸಿ, ಇಲ್ಲಿಯ ಕಲ್ಲೊಂದನ್ನು ವಾಷಿಂಗ್ಟನ್ ಸ್ಮಾರಕಕ್ಕೂ ಕಳಿಸಿದರು. ಶಾರ್ಪ್ ಟಾಪ್ 3,862 ಅಡಿ. ಎದುರಿಗೇ ನಿಂತಿರುವ ಫ್ಲಾಟ್ ಟಾಪ್ 4,001! ಮೊನಚು ತುದಿ ನೋಡಿ ಮೋಸಹೋದರೋ ಏನೋ, ಚಪ್ಪಟೆ ತಲೆಯವನನ್ನು ಯಾರೂ ಲೆಕ್ಕಕ್ಕೇ ಇಟ್ಟಂತಿಲ್ಲ.

ಬಂಡೆಯ ಮೇಲೆ ಕೂತು ಬ್ಯಾಗ್ ತೆರೆದಾಗ ಗೊತ್ತಾಯಿತು, ಪುಳಿಯೋಗರೆ ಡಬ್ಬಿ ಅಮ್ಮನ ಹತ್ತಿರವೇ ಉಳಿದಿದೆ. ಕೆಳಗೆ ಅಂಗೈಯಗಲ ಕೆರೆ ಹೊಳೆಯುತ್ತಿತ್ತು. ಫೋನ್ ಮಾಡೋಣವೆಂದರೆ ಸಿಗ್ನಲ್ ಇಲ್ಲ.

ಇಳಿಯುವಾಗ ಅವಸರ ಬೇಡ. ಉದುರಿದ ಓಕ್ ಎಲೆಗಳ ಅಡಿಯಲ್ಲಿ ಇಬ್ಬನಿ ಆರದ ಕಲ್ಲು ಕಾಣುವುದೇ ಇಲ್ಲ. ಮಗಳು ಎರಡು ಸಲ ಜಾರಿ ಕುಂಡೆ ಊರಿದಳು, ನನ್ನ ಮಂಡಿ ಮೂರು ದಿನ ಮಾತು ಕೇಳಲಿಲ್ಲ. ಹಿಡಿತವಿರುವ ಬೂಟು ಹಾಕಿಕೊಳ್ಳಿ, ಒಂದು ಕೋಲಿದ್ದರೆ ಇನ್ನೂ ಒಳ್ಳೆಯದು. ಕೆಳಗೆ ಕಾಯುವವರಿದ್ದರೆ ನಾಲ್ಕು ಗಂಟೆ ಅಂತಲೇ ಹೇಳಿಹೋಗಿ. ನಮಗೆ ಮೂರೂಮುಕ್ಕಾಲು ಹಿಡಿಯಿತು.

ಕೆರೆಯ ಸುತ್ತ ಒಂದು ಮೈಲಿಯ ಸಮತಟ್ಟು ದಾರಿಯಿದೆ, ವಯಸ್ಸಾದವರಿಗೆ ಹೇಳಿಮಾಡಿಸಿದ್ದು. ನಾವು ಕುಂಟುತ್ತಾ ಬರುವ ಹೊತ್ತಿಗೆ ಅಮ್ಮ ಆತಂಕದಲ್ಲಿ ಅದನ್ನು ಮೂರು ಸುತ್ತು ಹಾಕಿದ್ದರು. ಪುಳಿಯೋಗರೆ ಡಬ್ಬಿಯ ಮುಚ್ಚಳ ಮಾತ್ರ ತೆಗೆದಿರಲಿಲ್ಲ.