ಕಂಪ್ಯೂಟರ್ ಗೇಮ್‌ಗಳ ಮಾರಾಟ ಕುಸಿದದ್ದು ಕಳ್ಳಪ್ರತಿಗಳಿಂದಲೇ?

ಮಂಗಳೂರಿನ ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಒಂಬತ್ತು ವರ್ಷ ಕಂಪ್ಯೂಟರ್ ಗೇಮ್‌ಗಳ ಡಿವಿಡಿ ಮಾರಿದವನು ನಾನೆಂದು ತಿಳಿದವರೆಲ್ಲ ಕೇಳುವ ಪ್ರಶ್ನೆ ಇದು. ಕಳ್ಳಪ್ರತಿಗಳು ಧಾರಾಳವಾಗಿಯೇ ಇದ್ದವು, ಆದರೆ ನಮ್ಮ ವ್ಯಾಪಾರ ಚೆನ್ನಾಗಿ ನಡೆಯುತ್ತಿದ್ದ ದಿನಗಳಲ್ಲೂ ಅವು ಅಷ್ಟೇ ಇದ್ದವು. ನನ್ನ ಕಣ್ಣೆದುರು ಬದಲಾದದ್ದು, ದುಡ್ಡು ಕೊಟ್ಟವನ ಕೈಗೆ ಸಿಗುತ್ತಿದ್ದ ವಸ್ತು.

2011ರ ಮಳೆಗಾಲದಲ್ಲಿ ಬಂಟ್ವಾಳದವರೊಬ್ಬರು ಮಗನಿಗೆ ಗೇಮ್ ಕೊಡಿಸಿ, ಎರಡೇ ದಿನದಲ್ಲಿ ಅದನ್ನು ಹಿಡಿದುಕೊಂಡು ತಿರುಗಿ ಬಂದರು. ಡಿಸ್ಕ್‌ನಲ್ಲಿ ದೋಷವಿರಲಿಲ್ಲ. ಕೈಪಿಡಿಯ ಹಿಂಬದಿಯಲ್ಲಿದ್ದ ಕೀಯನ್ನು, ಅಂದರೆ ಅಕ್ಷರ-ಅಂಕಿಗಳ ಗುಪ್ತಸಂಕೇತವನ್ನು ಟೈಪ್ ಮಾಡಿ ಕಂಪನಿಯ ಸರ್ವರ್‌ನಿಂದ ಒಪ್ಪಿಗೆ ಪಡೆಯಬೇಕಿತ್ತು, ಅವರ ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. “ಅಲ್ಲ ಮಾರಾಯ್ರೆ, ದುಡ್ಡು ಕೊಟ್ಟಾಯ್ತಲ್ಲ, ಇನ್ನು ಯಾರ ಪರ್ಮಿಶನ್ ಬೇಕು?” ಎಂದು ಅವರು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಒಡೆದ ಪೆಟ್ಟಿಗೆಯನ್ನು ವಿತರಕರು ಹಿಂದಕ್ಕೆ ಪಡೆಯುತ್ತಿರಲಿಲ್ಲವಾದ್ದರಿಂದ ನಾವೂ ಪಡೆಯುವಂತಿರಲಿಲ್ಲ. ಕೊನೆಗೆ ಶನಿವಾರ ಅಪ್ಪ, ಮಗ ಇಬ್ಬರೂ ಸಿಪಿಯುವನ್ನು ಬೈರಾಸಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಅಂಗಡಿಯ ಇಂಟರ್ನೆಟ್ಟಿಗೆ ಜೋಡಿಸಿ ಕೀ ಹಾಕಿಕೊಟ್ಟೆ. ಆಮೇಲೆ ಅವರು ಗೇಮ್ ಕೊಳ್ಳಲು ಬರಲಿಲ್ಲ. ಅದೇ ಗೇಮಿನ ಕಳ್ಳಪ್ರತಿಗೆ ಯಾವ ಸರ್ವರ್‌ನ ಒಪ್ಪಿಗೆಯೂ ಬೇಕಿರಲಿಲ್ಲ ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಇದರ ಬೇರು ಹಳೆಯದು. ಗೇಮ್ ತಯಾರಿಸುವ ವಾಲ್ವ್ ಕಂಪನಿ 2003ರಲ್ಲಿ, ಗೇಮ್‌ಗಳನ್ನು ಇಂಟರ್ನೆಟ್ ಮೂಲಕವೇ ತಲುಪಿಸುವ ಸ್ಟೀಮ್ ಎಂಬ ಸೇವೆಯನ್ನು ಆರಂಭಿಸಿತು. ಮರುವರ್ಷ ಬಂದ ಅದರ ಹಾಫ್-ಲೈಫ್ 2 ಗೇಮ್ ಆಡಲು ಅಂಗಡಿಯಲ್ಲಿ ಪೆಟ್ಟಿಗೆ ಕೊಂಡವರೂ ಸ್ಟೀಮ್ ಖಾತೆ ತೆರೆಯಲೇಬೇಕಾಯಿತು. ಹೀಗೆ ಕೀ ಒಮ್ಮೆ ಖಾತೆಗೆ ಸೇರಿದರೆ ಆಡಿ ಮುಗಿಸಿದ ಡಿಸ್ಕನ್ನು ಅರ್ಧ ಬೆಲೆಗೆ ಮಾರುವುದೂ ಗೆಳೆಯನಿಗೆ ಕೊಡುವುದೂ ಪ್ರಯೋಜನವಿಲ್ಲದ ಕೆಲಸವಾಗುತ್ತದೆ. 2008ರ ಸ್ಪೋರ್ ಗೇಮನ್ನು ಮೊದಲಿಗೆ ಮೂರು ಸಲ ಮಾತ್ರ ಕೀ ಹಾಕಿ ಸಕ್ರಿಯಗೊಳಿಸಬಹುದಿತ್ತು. 2010ರಲ್ಲಿ ಯೂಬಿಸಾಫ್ಟ್ ಎಂಬ ಗೇಮ್ ಕಂಪನಿ, ಒಬ್ಬನೇ ಆಡುವ ಗೇಮ್‌ಗಳಿಗೂ ಸದಾ ಇಂಟರ್ನೆಟ್ ಸಂಪರ್ಕ ಇರಲೇಬೇಕೆಂಬ ನಿಯಮ ತಂದಿತು. ಜೂನ್ ತಿಂಗಳಲ್ಲಿ ಬ್ರಾಡ್‌ಬ್ಯಾಂಡ್ ಎಷ್ಟು ಹೊತ್ತು ಕೈಕೊಡದೆ ಇರುತ್ತದೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ.

ಮಾರಾಟ ನಿಜವಾಗಿ ಎಷ್ಟು ಕುಸಿಯಿತೆಂಬುದರಲ್ಲೂ ಒಂದು ತಪ್ಪು ತಿಳಿವಳಿಕೆಯಿದೆ. ಕಂಪ್ಯೂಟರ್ ಗೇಮ್ ಸತ್ತಿತೆಂದು ಆ ಕಾಲದಲ್ಲಿ ಬರೆದವರು ಹೆಚ್ಚಾಗಿ ಹಿಡಿದುಕೊಂಡದ್ದು ಅಮೆರಿಕದ ಎನ್‌ಪಿಡಿ ಎಂಬ ಮಾರುಕಟ್ಟೆ ಸಮೀಕ್ಷೆ ಸಂಸ್ಥೆಯ ಅಂಕಿಗಳನ್ನು. ಅವು ಅಂಗಡಿಯಲ್ಲಿ ಮಾರಾಟವಾದ ಪೆಟ್ಟಿಗೆಗಳ ಲೆಕ್ಕವೇ ಹೊರತು, ಡೌನ್‌ಲೋಡ್ ಮಾಡಿಕೊಂಡವರು ಅದರಲ್ಲಿ ಸೇರಿರಲಿಲ್ಲ. ಗಿರಾಕಿ ಆಟ ಬಿಟ್ಟಿರಲಿಲ್ಲ, ನಮ್ಮ ಕೌಂಟರ್ ಬಿಟ್ಟಿದ್ದ.

ಕಂಪ್ಯೂಟರಿನಲ್ಲಿ ಗೇಮಿನ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್‌ನ ದುಬಾರಿ ಬೆಲೆ, 2016ರಲ್ಲಿ ಜಿಯೋ ಬಂದ ಮೇಲೆ ಅಗ್ಗವಾದ ಡೇಟಾ, 2018ರ ಪಬ್‌ಜಿ ಮೊಬೈಲ್ ಇವೆಲ್ಲ ಸೇರಿ ಉಳಿದವರನ್ನೂ ಮೊಬೈಲಿನತ್ತ ಸೆಳೆದವು, ನಿಜ. ಆದರೆ ನಮ್ಮ ಅಂಗಡಿಯ ಮಟ್ಟಿಗೆ ಅಷ್ಟರಲ್ಲಿ ಎಲ್ಲ ಮುಗಿದಿತ್ತು. 2015ರಲ್ಲಿ ಬಂದ ಜಿಟಿಎ 5 ಎಂಬ ಗೇಮಿನ ಪೆಟ್ಟಿಗೆಯಲ್ಲಿ ಏಳು ಡಿವಿಡಿಗಳಿದ್ದವು. ಅದೇ ವರ್ಷ ಸ್ಟೀಮ್‌ನಲ್ಲಿ ರೂಪಾಯಿ ಬೆಲೆಯೂ ಬಂತು. ಸುರತ್ಕಲ್‌ನಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬ ಆ ಪೆಟ್ಟಿಗೆಯನ್ನು ಕೈಯಲ್ಲಿ ತೂಗಿ ನೋಡಿ, ತನ್ನ ಹೊಸ ಲ್ಯಾಪ್‌ಟಾಪ್‌ನಲ್ಲಿ ಡಿವಿಡಿ ಹಾಕುವ ಜಾಗವೇ ಇಲ್ಲವೆಂದು ಹೇಳಿ, ಜೋಪಾನವಾಗಿ ಕಪಾಟಿನಲ್ಲಿ ಇಟ್ಟು ಹೋದ.