ರಾತ್ರಿ ಒಂಬತ್ತಕ್ಕೆ ಸಾಯುತ್ತಿದ್ದ ವೈಫೈ

ಊರಿನ ಅಂಗಡಿಗಳ ಮೂಲಕ ನಾವು ಮಾರುತ್ತಿದ್ದ ವೈಫೈ ದಿನಾ ರಾತ್ರಿ ಒಂಬತ್ತರ ಆಸುಪಾಸಿಗೆ ಸಾಯುತ್ತಿತ್ತು. ಇಡೀ ಊರಲ್ಲಲ್ಲ, ಬಸ್ ಸ್ಟ್ಯಾಂಡ್ ಕಡೆ ಮಾತ್ರ. ಒಂದು ವಾರ ಲ್ಯಾಪ್‌ಟಾಪ್ ಮುಂದೆ ಕೂತು ಲಾಗ್ ನೋಡಿದೆ, ಚಾನೆಲ್ ಬದಲಿಸಿದೆ, ಫರ್ಮ್‌ವೇರ್ ಹೊಸದು ಹಾಕಿದೆ. ಊಹೂಂ. ಎಂಟನೇ ದಿನ ತಲೆಕೆಟ್ಟು, ಎಂಟೂಮುಕ್ಕಾಲಿಗೆ ಬಸ್ ಸ್ಟ್ಯಾಂಡ್ ಎದುರು ಹೋಗಿ ನಿಂತೆ. ಜೆರಾಕ್ಸ್ ಅಂಗಡಿ ಯಜಮಾನರು ಗಲ್ಲಾಪೆಟ್ಟಿಗೆಗೆ ಬೀಗ ಹಾಕಿದರು. ದೇವರ ಫೋಟೋಗೆ ಕೈಮುಗಿದರು. ಬಾಗಿಲ ಪಕ್ಕದ ಮೇನ್ ಸ್ವಿಚ್ ಕೆಳಗೆಳೆದರು. ನನ್ನ ಫೋನಲ್ಲಿ ವೈಫೈ ಗುರುತು ಮಾಯ.

"ಅಣ್ಣಾ, ಅದನ್ನ ಆಫ್ ಮಾಡ್ಬೇಡಿ. ಮೇಲೆ ನಮ್ಮ ಡಬ್ಬಿ ಇದೆ."

"ನಮ್ಮ ಭಾವನ ಅಂಗಡಿ ಶಾರ್ಟ್ ಸರ್ಕ್ಯೂಟಾಗಿ ಸುಟ್ಟು ಹೋಗಿದ್ದು ಮಾರಾಯ. ಮೇನ್ ತೆಗೀದೆ ಮನೆಗೆ ಹೋದ್ರೆ ನಂಗೆ ನಿದ್ದೆ ಬರಲ್ಲ."

ಇದಕ್ಕೆ ಏನು ಹೇಳೋದು?

ನಮ್ಮದು ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ನಾನು ಕೆಲಸ ಮಾಡುವುದು ಕೇಬಲ್ ಜೊತೆ ಇಂಟರ್‌ನೆಟ್ಟೂ ಕೊಡುವ ಸಣ್ಣ ಕಂಪನಿಯಲ್ಲಿ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಿಎಂ-ವಾಣಿ ಎಂಬ ಸಾರ್ವಜನಿಕ ವೈಫೈ ಯೋಜನೆಗೆ ಒಪ್ಪಿಗೆ ಕೊಟ್ಟಿತಲ್ಲ, ಅದರಲ್ಲಿ ಚಹಾದಂಗಡಿಯವರೂ ವೈಫೈ ಮಾರಬಹುದು. ಅವರಿಗೆ ಲೈಸೆನ್ಸ್ ಬೇಡ, ಶುಲ್ಕವೂ ಇಲ್ಲ. ಆದರೆ ಅಂಗಡಿಗಳನ್ನೆಲ್ಲ ಒಟ್ಟು ಸೇರಿಸಿ ಲಾಗಿನ್, ಲೆಕ್ಕ ನೋಡಿಕೊಳ್ಳುವ ಸಂಸ್ಥೆ ದೂರಸಂಪರ್ಕ ಇಲಾಖೆಯಲ್ಲಿ ನೋಂದಾಯಿಸಿಕೊಂಡಿರಬೇಕು. ನಾವು 23 ಅಂಗಡಿ ಹಿಡಿದೆವು. ದಿನಕ್ಕೆ 10 ರೂಪಾಯಿ ಕೂಪನ್, ಅದರಲ್ಲಿ 2 ರೂಪಾಯಿ ಅಂಗಡಿಯವರಿಗೆ.

ಎಲ್ಲ ಕಡೆ ಫೈಬರ್ ಎಳೆಯಲು ಆಗಲಿಲ್ಲ. ರಸ್ತೆ ಅಗೆಯಲು ಅನುಮತಿ, ಕಂಬಕ್ಕೆ ಅನುಮತಿ, ಆ ಕತೆ ಬೇಡ. ಹಾಗಾಗಿ ಕಲ್ಯಾಣ ಮಂಟಪದ ತಾರಸಿಯಿಂದ ಜೆರಾಕ್ಸ್ ಅಂಗಡಿಯ ಮೇಲಕ್ಕೆ, ಅಲ್ಲಿಂದ ಮುಂದಿನ ಮೂರು ಅಂಗಡಿಗಳಿಗೆ ವೈರಿಲ್ಲದೆ ಇಂಟರ್‌ನೆಟ್ ದಾಟಿಸುವ 5 ಗಿಗಾಹರ್ಟ್ಸ್ ರೇಡಿಯೋ ಹಾಕಿದೆವು. ನಕ್ಷೆಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಆ ಒಂದು ಮೇನ್ ಸ್ವಿಚ್ ಇಳಿದರೆ ನಾಲ್ಕು ಹಾಟ್‌ಸ್ಪಾಟ್ ಒಟ್ಟಿಗೆ ಮಲಗುತ್ತಿದ್ದವು. ಸರ್ವೆ ಮಾಡುವಾಗ ನಾನು ತಾರಸಿಯ ಎತ್ತರ ಅಳೆದಿದ್ದೆ. ಅಂಗಡಿ ಎಷ್ಟು ಗಂಟೆಗೆ ಮುಚ್ಚುತ್ತೆ ಅಂತ ಒಬ್ಬರನ್ನೂ ಕೇಳಿರಲಿಲ್ಲ.

ಯುಪಿಎಸ್ ಇಟ್ಟು ನೋಡಿದೆವು. ಅದು ಕರೆಂಟ್ ಹೋದಾಗಿನ ಎರಡು ಮೂರು ತಾಸಿಗೆ ಸರಿ, ದಿನಾ ರಾತ್ರಿಯಿಡೀ ಎಲ್ಲಿ ತಡೆಯುತ್ತೆ? ಅದೇ ಕಟ್ಟಡದ ಮಾಲೀಕರಾದ ಅಮ್ಮ ಮಹಡಿಯಲ್ಲಿದ್ದರು, ಅವರ ಮನೆಗೆ ಬೇರೆ ಮೀಟರ್. ಕೊನೆಗೆ ರೇಡಿಯೋಗೆ ಅಲ್ಲಿಂದ ಲೈನ್ ಕೊಡಿ ಎಂದು ಕೇಳಿದೆವು. "ಎಷ್ಟು ಕರೆಂಟ್ ತಿನ್ನುತ್ತಪ್ಪ ಇದು?" ಎಂದರು. ಎಂಟು ವ್ಯಾಟ್ ಅಮ್ಮಾ, ಹಗಲೂ ರಾತ್ರಿ ಓಡಿದರೂ ತಿಂಗಳಿಗೆ ಆರು ಯೂನಿಟ್ ದಾಟಲ್ಲ ಅಂದೆ. ಅವರು ನಂಬಲಿಲ್ಲ. ಒಂದು ಪುಟ್ಟ ಸಬ್ ಮೀಟರ್ ತಂದು ಅವರ ಕಣ್ಣೆದುರೇ ಹಾಕಿದೆವು. ತಿಂಗಳ ಕೊನೆಗೆ ಕನ್ನಡಕ ಹಾಕಿಕೊಂಡು ಓದಿ, ತಲೆಯಾಡಿಸಿದರು. ಆಮೇಲೆ ಆ ಲೈನ್ ಬಗ್ಗೆ ತಕರಾರಿಲ್ಲ.

ಮರದ ವಿಷಯವೂ ಹೀಗೇ. ಮಾರ್ಚ್‌ನಲ್ಲಿ ನೋಡಿದಾಗ ರೇಡಿಯೋ ದಾರಿಯಲ್ಲಿದ್ದ ಗುಲ್‌ಮೊಹರ್ ಬರೀ ಕಡ್ಡಿ. ಜೂನ್‌ನಲ್ಲಿ ತುಂಬಾ ಎಲೆ, ಎಲೆ ತುಂಬಾ ನೀರು. 800 ಮೀಟರ್ ದೂರದ ಲಿಂಕಿಗೆ ನಡುಮಧ್ಯದಲ್ಲಿ, ಎರಡು ತುದಿ ಸೇರಿಸುವ ನೇರ ಗೆರೆಯ ಸುತ್ತ ಸುಮಾರು 3 ಮೀಟರ್ ಖಾಲಿ ಬೇಕು, ಬರೀ ಕಣ್ಣಿಗೆ ಆಚೆ ತುದಿ ಕಂಡರೆ ಸಾಲದು. ಮಳೆ ಜೋರಾದ ದಿನ ಸ್ಪೀಡ್ ಬಿದ್ದೇ ಹೋಗುತ್ತಿತ್ತು. ಕಂಬ ಎರಡು ಮೀಟರ್ ಎತ್ತರಿಸಿದೆವು.

ಇನ್ನು ದುಡ್ಡಿನ ಕತೆ. ಈ ಕಾಲದಲ್ಲಿ ಯಾರಪ್ಪ ವೈಫೈ ಕೊಳ್ಳುತ್ತಾರೆ ಎಂದು ನನಗೂ ಅನುಮಾನವಿತ್ತು. ಕೊಂಡವರು ಹಾಸ್ಟೆಲ್ ಹುಡುಗರು. ದಿನದ 1.5 ಜಿಬಿ ಸಂಜೆಯೊಳಗೇ ಮುಗಿಸಿಕೊಂಡು ಬರುವವರು. ತಮಾಷೆ ಏನೆಂದರೆ, ಯುಪಿಐನಲ್ಲಿ ದುಡ್ಡು ಕಟ್ಟಲು ಇಂಟರ್‌ನೆಟ್ ಬೇಕು, ಅದಿಲ್ಲದ್ದಕ್ಕೇ ಅವರು ನಮ್ಮ ಹತ್ತಿರ ಬಂದಿರುವುದು! ಪಾವತಿ ಪುಟಕ್ಕೆ ಮಾತ್ರ ದಾರಿ ಬಿಟ್ಟಿದ್ದೆವು. ಆದರೆ ಫೋನಲ್ಲಿರುವ ಆ್ಯಪ್ ತನ್ನದೇ ಸರ್ವರ್ ಹುಡುಕುತ್ತೆ, ಅದು ಸಿಗದೆ ಸುಮ್ನೆ ಸುತ್ತುತ್ತಿರುತ್ತೆ. ಕೊನೆಗೆ ಒಂದು ನಂಬರಿಗೆ ದಿನಕ್ಕೆ ಒಂದು ಸಲ 5 ನಿಮಿಷ ಉಚಿತ ಎಂದು ಮಾಡಿದೆವು. ಅಷ್ಟರಲ್ಲಿ ಕಟ್ಟಬೇಕು.

ಆದರೂ ಅರ್ಧಕ್ಕಿಂತ ಜಾಸ್ತಿ ಮಾರಾಟ ಆದದ್ದು ಕೈಗೆ ಹತ್ತು ರೂಪಾಯಿ ಕೊಟ್ಟು ತೊಗೊಂಡ ಚೀಟಿ. ಅದರಲ್ಲೂ ಒಂದು ಎಡವಟ್ಟು ಮಾಡಿದ್ದೆವು. ಕೋಡ್‌ನಲ್ಲಿ ಸೊನ್ನೆಯೂ ಇತ್ತು, ಇಂಗ್ಲಿಷಿನ ಓ ಅಕ್ಷರವೂ ಇತ್ತು. ಮಸುಕು ಚೀಟಿಯಲ್ಲಿ ಯಾವುದು ಯಾವುದೆಂದು ಯಾರಿಗೆ ಗೊತ್ತಾಗಬೇಕು? ಬರೀ ಅಂಕಿಗೆ ಬದಲಾಯಿಸಿದ ಮೇಲೆ ಫೋನ್ ಬರುವುದು ನಿಂತಿತು.

ಇನ್ನೊಂದು ಜಗಳ ಹೀಗೆ. ಅಂಗಡಿಯವರಿಗೆ ವೈಫೈ ಹೆಸರಲ್ಲಿ ತಮ್ಮ ಅಂಗಡಿ ಹೆಸರೇ ಬೇಕಿತ್ತು. ಖುಷಿಯಾಗಲಿ ಎಂದು ಕೊಟ್ಟೆವು. ಈಗಿನ ಫೋನ್‌ಗಳು ಒಂದೊಂದು ವೈಫೈ ಹೆಸರಿಗೆ ಒಂದೊಂದು ಸುಳ್ಳು ಮ್ಯಾಕ್ ವಿಳಾಸ, ಅಂದರೆ ಫೋನಿನ ಗುರುತಿನ ಸಂಖ್ಯೆ, ತೋರಿಸುತ್ತವೆ, ಆಂಡ್ರಾಯ್ಡ್ 10ರಿಂದ ಅದು ತಾನಾಗೇ ನಡೆಯುತ್ತೆ. ನಾವು ಕೂಪನ್ ಕಟ್ಟಿಹಾಕಿದ್ದು ಅದೇ ವಿಳಾಸಕ್ಕೆ. ಜೆರಾಕ್ಸ್ ಅಂಗಡಿಯಲ್ಲಿ ಕೊಂಡ ಹುಡುಗ ಬೇಕರಿಗೆ ಹೋದರೆ ಮತ್ತೆ ಹತ್ತು ರೂಪಾಯಿ ಕೇಳುತ್ತಿತ್ತು. "ದುಡ್ಡು ನುಂಗಿದ್ರಲ್ಲ ಸಾರ್" ಎಂದು ಬೈಸಿಕೊಂಡವರು ಬೇಕರಿಯವರು, ನಾವಲ್ಲ. ಪಾಪ. ಊರಿಗೆಲ್ಲ ಒಂದೇ ಹೆಸರು ಮಾಡಿ, ಕೂಪನ್ನನ್ನು ಮೊಬೈಲ್ ನಂಬರಿಗೆ ಸೇರಿಸಿದೆವು. ಅಂಗಡಿ ಹೆಸರು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿಕೊಟ್ಟೆವು. ಅದೇ ಅವರಿಗೆ ಬೇಕಿದ್ದದ್ದು ಅಂತ ಕಾಣುತ್ತೆ.

ಹೊಸ ಜಾಗ ನೋಡಲು ಹೋದಾಗ ಈಗ ಮೊದಲು ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತೇನೆ. ಬಾಗಿಲು ಯಾರು ಮುಚ್ಚುತ್ತಾರೆ, ಮೀಟರ್ ಯಾರ ಹೆಸರಲ್ಲಿದೆ, ಸಂತೆ ದಿನ ಎಷ್ಟು ಹೊತ್ತು ತೆರೆದಿರುತ್ತೆ ಎಂದು ಕೇಳುತ್ತೇನೆ. ತಾರಸಿ ಹತ್ತುವುದು ಆಮೇಲೆ.

ಜೆರಾಕ್ಸ್ ಅಂಗಡಿಯಲ್ಲಿ ಈಗಲೂ ಒಂಬತ್ತಕ್ಕೆ ಮೇನ್ ಇಳಿಯುತ್ತೆ. ನನ್ನ ಸ್ಕ್ರೀನ್ ಮೇಲೆ ಅವರದ್ದೊಂದು ಚುಕ್ಕೆ ಮಾತ್ರ ಕೆಂಪಾಗುತ್ತೆ. ಅದನ್ನು ನೋಡಿಯೇ ನಾನೂ ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಏಳುತ್ತೇನೆ.