ಹೂಳಿನ ಸ್ಟೆರಾಲ್ ಪ್ರಾಜೆಕ್ಟ್: ಪೀಕ್‌ಗಳು ಬಂದ್ವು, ಈಗ ಯಾವ ಪ್ರಾಣೀದು ಅಂತ ನೋಡ್ಬೇಕು

ನೀರಿನ ತಳದ ಹೂಳಲ್ಲಿ ಉಳಿದಿರೋ ಸ್ಟೆರಾಲ್‌ಗಳನ್ನ (ಕೊಲೆಸ್ಟೆರಾಲ್ ಥರದ ಕೊಬ್ಬಿನಂಥ ವಸ್ತು) ನೋಡಿ, ಅಲ್ಲಿಗೆ ಯಾವ ಪ್ರಾಣಿಯ ಮಲ ಸೇರಿದೆ ಅಂತ ಪತ್ತೆ ಮಾಡೋ ಕೆಲಸ ಇದು. ಕರುಳಿನ ಬ್ಯಾಕ್ಟೀರಿಯಾ ಕೊಲೆಸ್ಟೆರಾಲಿಂದ ಮಾಡೋ ಕೊಪ್ರೊಸ್ಟನಾಲ್, ಅದನ್ನೇ ಹೋಲೋ ಕೊಲೆಸ್ಟನಾಲ್, ಎರಡರ ಪೀಕೂ (ಯಂತ್ರದ ಗ್ರಾಫ್‌ನಲ್ಲಿ ಒಂದೊಂದು ವಸ್ತುವಿಗೆ ಏಳೋ ಶಿಖರ) ಬೇರೆಬೇರೆಯಾಗಿ ನೀಟಾಗಿ ಬಂದಿವೆ, ತುಂಬಾ ಖುಷಿ ಆಯ್ತು. ಎರಡರ ತೂಕನೂ ಒಂದೇ, ಐದನೇ ಕಾರ್ಬನ್ ಮೇಲಿರೋ ಹೈಡ್ರೋಜನ್ ಯಾವ ಕಡೆ ತಿರುಗಿದೆ ಅನ್ನೋದಷ್ಟೇ ವ್ಯತ್ಯಾಸ, ಹಾಗಾಗಿ ತೂಕ ನೋಡಿ ಅಣು ಗುರುತಿಸೋ ಮಾಸ್ ಸ್ಪೆಕ್ಟ್ರೋಮೀಟರ್ ಒಂದನ್ನೇ ನಂಬ್ಕೊಂಡ್ರೆ ಆಗಲ್ಲ, ಅದಕ್ಕೂ ಮುಂಚೆ ಜಿಸಿ (ಗ್ಯಾಸ್ ಕ್ರೊಮ್ಯಾಟೋಗ್ರಫಿ) ಕಾಲಂನಲ್ಲೇ, ಅಂದ್ರೆ ಆವಿ ಮಾಡಿದ ವಸ್ತುಗಳನ್ನ ಬೇರ್ಪಡಿಸೋ ಕೊಳವೆಯಲ್ಲೇ ಬೇರೆ ಆಗ್ಬೇಕು. ಹೂಳು ಒಣಗಿಸಿ ಸಾಲ್ವೆಂಟ್‌ನಲ್ಲಿ ಎಳೆದು, ಸಪೋನಿಫಿಕೇಶನ್ ಮಾಡಿ (ಕ್ಷಾರ ಹಾಕಿ ಕೊಬ್ಬು ಒಡೆದು), ಸ್ಟೆರಾಲ್ ಸುಲಭವಾಗಿ ಆವಿಯಾಗೋಕೆ ಬಿಎಸ್‌ಟಿಎಫ್‌ಎ ಅನ್ನೋ ರಾಸಾಯನಿಕ ಹಾಕಿ ಓಡಿಸಿದ್ದು, ಅದೆಲ್ಲ ಮಾಮೂಲಿ.

ಮಲ ಸೇರಿದೆಯಾ ಅಂತ ನೋಡೋಕೆ ಕರುಳಿನ ಬ್ಯಾಕ್ಟೀರಿಯಾ ಇ. ಕೋಲಿ ಎಣಿಸಿದ್ರೆ ಸಾಲದಾ ಅಂತ ಕೇಳ್ತಾರೆ. ಅದು ಬಿಸಿಲಿಗೆ ಬೇಗ ಸಾಯುತ್ತೆ, ಯಾರ ಹೊಟ್ಟೆಯಿಂದ ಬಂತು ಅಂತಾನೂ ಹೇಳಲ್ಲ. ಸ್ಟೆರಾಲ್ ನೀರಲ್ಲಿ ಕರಗೋದೇ ಕಡಿಮೆ, ಮಣ್ಣಿನ ಕಣಕ್ಕೆ ಅಂಟ್ಕೊಂಡು ತಳ ಸೇರುತ್ತೆ, ಆಮ್ಲಜನಕ ಇಲ್ಲದ ಕಡೆ ಶತಮಾನಗಟ್ಟಲೆ ಉಳಿಯುತ್ತೆ. ನಾರ್ವೆಯ ಲೋಫೋಟೆನ್‌ನಲ್ಲಿ ಕೆರೆ ತಳದ ಹೂಳಿನಿಂದಾನೇ 2000 ವರ್ಷಕ್ಕೂ ಹಿಂದಿನ ಜನ, ಜಾನುವಾರುಗಳ ಸುಳಿವು ಹಿಡಿದಿದ್ದಾರೆ.

ಕೊಪ್ರೊಸ್ಟನಾಲ್ ಪ್ರಮಾಣಾನ, ಕೊಪ್ರೊಸ್ಟನಾಲ್ ಮತ್ತು ಕೊಲೆಸ್ಟನಾಲ್ ಸೇರಿದ ಮೊತ್ತದಿಂದ ಭಾಗಿಸಿದಾಗ 0.7ಕ್ಕಿಂತ ಜಾಸ್ತಿ ಬಂದ್ರೆ ಮಲದ ಗುರುತು, 0.3ಕ್ಕಿಂತ ಕಡಿಮೆ ಆದ್ರೆ ಇಲ್ಲ ಅಂತ ಸಾಮಾನ್ಯವಾಗಿ ತಗೋತಾರೆ. ನೀರು ಒಳಗೆ ಬರೋ ತೂಬಿನ ಹತ್ರದ ಸ್ಯಾಂಪಲ್ 0.7ರ ಗೆರೆ ದಾಟಿದೆ. ಆದ್ರೆ ಇಷ್ಟಕ್ಕೇ ಮನುಷ್ಯರ ಕೊಳಚೆ ಅಂತ ಬರೆದುಬಿಡೋದು ನನ್ನ ಪ್ರಕಾರ ತಪ್ಪು. ಮನುಷ್ಯರ ಮಲದ ಸ್ಟೆರಾಲ್‌ನಲ್ಲಿ ಸುಮಾರು 60% ಕೊಪ್ರೊಸ್ಟನಾಲೇ ಇರುತ್ತೆ ನಿಜ, ಆದ್ರೆ ಸಗಣಿಯಲ್ಲೂ ಅದು ಸ್ವಲ್ಪ ಇರುತ್ತೆ. ದನ, ಕುರಿ ತಿನ್ನೋದು ಗಿಡ ಅಲ್ವಾ, ಅದರಲ್ಲಿರೋ ಸೈಟೋಸ್ಟೆರಾಲ್ ಅನ್ನೋ ಸ್ಟೆರಾಲನ್ನ ಕರುಳಿನ ಬ್ಯಾಕ್ಟೀರಿಯಾ 24-ಈಥೈಲ್‌ಕೊಪ್ರೊಸ್ಟನಾಲ್ ಮಾಡುತ್ತೆ. ನನ್ನ ಸ್ಯಾಂಪಲ್‌ನಲ್ಲಿ ಕೊಪ್ರೊಸ್ಟನಾಲ್‌ಗಿಂತ ಈ 24-ಈಥೈಲ್‌ಕೊಪ್ರೊಸ್ಟನಾಲ್ ಪೀಕೇ ದೊಡ್ಡದು, ಹಾಗಾಗಿ ಸದ್ಯಕ್ಕೆ ಅನುಮಾನ ದನಗಳ ಮೇಲೆ.

ಹಂದಿ ಮಾತ್ರ ತಲೆನೋವು, ಅದರ ಮಲದಲ್ಲಿ ಈ ಎರಡು ಸ್ಟೆರಾಲೂ ಇರುತ್ತೆ. ಅದನ್ನ ಗುರುತಿಸೋಕೆ ಪಿತ್ತರಸದ ಹಯೋಡಿಆಕ್ಸಿಕೋಲಿಕ್ ಆಸಿಡ್ ನೋಡ್ಬೇಕು. ನಾಯಿ, ಹಕ್ಕಿಗಳ ಕರುಳಲ್ಲಿ ಕೊಲೆಸ್ಟೆರಾಲ್ ಈ ಥರ ಬದಲಾಗೋದೇ ಕಡಿಮೆ, ಆದ್ದರಿಂದ ಬಾತುಕೋಳಿ ತುಂಬಿರೋ ಕಡೆ ಪೀಕ್ ಬರಲಿಲ್ಲ ಅಂದ್ಬಿಟ್ಟು ನೀರು ಶುದ್ಧ ಅಂತ ದಯವಿಟ್ಟು ಹೇಳ್ಬೇಡಿ.

ಮುಂದಿನ ಕೆಲಸ ಅಂದ್ರೆ ಸುತ್ತಮುತ್ತ ಮೇಯೋ ಪ್ರಾಣಿಗಳದ್ದೇ ತಾಜಾ ಸಗಣಿ, ಹಿಕ್ಕೆ ತಂದು ಹೋಲಿಸಿ ನೋಡೋಕೆ ರೆಫರೆನ್ಸ್ ಆಗಿ ಓಡಿಸೋದು, ಯಾಕಂದ್ರೆ ಮೇವು ಬದಲಾದ್ರೆ ಸ್ಟೆರಾಲ್ ಪ್ರಮಾಣಾನೂ ಬದಲಾಗುತ್ತೆ. ಪಿತ್ತದ ಆಸಿಡ್‌ಗಳು ಅದಾದ್ಮೇಲೆ.